ರೋಸಾ ಅವರ ಮನೆಯೊಳಗಿನ ಊರು

ಅನ್ವಿತಾ, ರೋಹನ್,

ನಿಮಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಇದನ್ನು ನಿಮ್ಮಪ್ಪ ಓದಿ ಹೇಳಬೇಕು. ಅವನು ಅವಸರದ ಮನುಷ್ಯ, ಬೇಜಾರಾದ ಕಡೆ ಸಾಲು ಹಾರಿಸುತ್ತಾನೆ. ಪಕ್ಕದಲ್ಲೇ ಕೂತು, ಸಾಲಿನ ಮೇಲೆ ಬೆರಳಿಡಿಸಿ ಓದಿಸಿ.

ಹೋದ ವಾರ ಅನ್ವಿತಾ ಬಂದು, ಕಾಲೇಜಿನ ಜೊತೆಗೆ ಶನಿವಾರ ಭಾನುವಾರ ಕೆಲಸ ಸಿಕ್ಕಿತು, ವಯಸ್ಸಾದವರ ಮನೆಗಳಿಗೆ ಹೋಗಿ ನೋಡಿಕೊಳ್ಳುವುದು, ನೀವು ಕಾರ್ಕ್‌ನಲ್ಲಿ ಮಾಡುತ್ತಿದ್ದಿರಲ್ಲ ಅದೇ, ಎಂದಳು. "ಹೇಗಿರುತ್ತೆ ಅಜ್ಜಿ?" ಎಂದು ಕೇಳಿದಳು. ನಾನು "ಚೆನ್ನಾಗಿರುತ್ತೆ" ಎಂದೆ, ಅಷ್ಟೇ. ಎದುರಿಗೆ ಕೂತು ಹೇಳು ಎಂದರೆ ನನಗೆ ಮೊದಲಿನಿಂದಲೂ ಬಾಯಿ ಕಟ್ಟುತ್ತದೆ. ಅವಳು ಇಲ್ಲಿಯವರ ಹಾಗೆ "ಗ್ರ್ಯಾಂಡ್", ಅಂದರೆ ಎಲ್ಲ ಸರಿ, ಎಂದು ಹೇಳಿ ಫೋನು ಹಿಡಿದುಕೊಂಡು ಮೇಲೆ ಹೋದಳು. ಆಮೇಲೆ ನನಗೆ ಬಹಳ ಪೇಚಾಟವಾಯಿತು. ಇಷ್ಟು ವರ್ಷ ಮಾಡಿದ ಕೆಲಸದ ಬಗ್ಗೆ ಒಂದೇ ಮಾತು ಹೇಳಿ ಕಳಿಸಿದೆನಲ್ಲ ಎಂದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಚಿಂತಾಮಣಿ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಿಮ್ಮ ತಾತ ಈ ದೇಶಕ್ಕೆ, ಕಾರ್ಕ್‌ನ ಒಂದು ಹೋಟೆಲಿಗೆ ಅಡುಗೆಯವರಾಗಿ ಬಂದರು, ನಾನೂ ನಿಮ್ಮಪ್ಪನೂ ಅವರ ಹಿಂದೆ ಬಂದೆವು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಈ ಕೆಲಸಕ್ಕೆ ಸೇರಿದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಕಾರ್ಕ್ ಊರು ನದಿಯ ತಗ್ಗಿನಲ್ಲಿ ಕೂತಿದೆ, ಉತ್ತರದ ಕಡೆ ಹೋದರೆ ಎಲ್ಲಾ ಏರು. ಬಸ್ಸು ಇಳಿದು ಆ ಏರು ಹತ್ತಿ ಒಂದೊಂದೇ ಮನೆಗೆ ಹೋಗುತ್ತಿದ್ದೆ. ನನ್ನ ಮಂಡಿ ಈಗ ಹೀಗಿರುವುದಕ್ಕೆ ವಯಸ್ಸೊಂದೇ ಕಾರಣವಲ್ಲ.

ಮೊದಲ ದಿನ ಮೊದಲ ಮನೆಯಲ್ಲಿ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಒಳಗೆ ಹೋದೆ. ಮಂಚದಲ್ಲಿದ್ದ ಅಜ್ಜಿ ನನ್ನ ಕಾಲುಚೀಲ ನೋಡಿ, "ಯಾಕಮ್ಮಾ, ರಾತ್ರಿ ಇಲ್ಲೇ ಮಲಗ್ತೀಯಾ?" ಎಂದು ಕೇಳಿದರು. ನಮ್ಮ ಮೇಲ್ವಿಚಾರಕಿ ಮಾರ್ಗರೆಟ್‌ಗೆ ಈ ಸುದ್ದಿ ನನಗಿಂತ ಮೊದಲು ತಲುಪಿತ್ತು. "ಜಯಾ, ಹುಡುಗಿ, ಶೂ ಹಾಕ್ಕೋ. ನೀನು ಜಾರಿ ಬಿದ್ರೆ ನಿನ್ನ ನೋಡ್ಕೊಳ್ಳೋಕೆ ನಾನು ಇನ್ನೊಬ್ಬಳನ್ನ ಎಲ್ಲಿಂದ ತರ್ಲಿ?" ಎಂದಳು. ಗೋಡೆಯ ಮೇಲೆ ದೇವರ ಪಟ, ಕೆಳಗೆ ನನ್ನ ಶೂ. ಒಗ್ಗಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಮಾರ್ಗರೆಟ್ ಬಾಯಿ ಜೋರು, ಕೈ ಮೃದು. ಡೆನಿಸ್ ಎಂಬ ಮುದುಕರೊಬ್ಬರಿದ್ದರು, ಬಸ್ ಓಡಿಸಿ ನಿವೃತ್ತರಾದವರು. ನಾನು ಹೇಗಿದ್ದೀರಿ ಎಂದಾಗಲೆಲ್ಲ "ಗ್ರ್ಯಾಂಡ್" ಎನ್ನುತ್ತಿದ್ದರು. ನಾನೂ ಫೈಲಿನಲ್ಲಿ ಹಾಗೆಯೇ ಬರೆದೆ. ಅದೇ ಸಂಜೆ ಮಾರ್ಗರೆಟ್ ಹೋಗಿ ನೋಡಿದರೆ ಅವರ ಬಲಗೈ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತ್ತು. ಅವಳು ಬೈಯಲಿಲ್ಲ. "ಜಯಾ, ಈ ದೇಶದಲ್ಲಿ ಗ್ರ್ಯಾಂಡ್ ಅಂದ್ರೆ ಬಾಗಿಲು ಮುಚ್ಚೋ ಸದ್ದು ಅಷ್ಟೇ. ಅವ್ರು ಟೀ ಯಾವ ಕೈಯಲ್ಲಿ ಎತ್ತುತ್ತಾರೆ ಅದನ್ನ ನೋಡು" ಎಂದಳು. ಅನ್ವಿತಾ, ಈ ಮಾತು ನಿನಗೆ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ನೀನೇ ದಿನಕ್ಕೆ ಎಷ್ಟು ಸಲ ಗ್ರ್ಯಾಂಡ್ ಎನ್ನುತ್ತೀಯ ಎಂದು ನನಗೆ ಗೊತ್ತು, ನಾನೂ ನಿನ್ನ ಕೈಯನ್ನೇ ನೋಡುತ್ತೇನೆ.

ಆಗ ಪ್ರತಿ ಮನೆಯಲ್ಲೂ ಒಂದು ಫೈಲು ಇರುತ್ತಿತ್ತು. ಬೆಳಿಗ್ಗೆ ಬಂದವಳು ಬರೆದದ್ದನ್ನು ಸಂಜೆ ಬಂದವಳು ಓದುತ್ತಿದ್ದಳು. ನನ್ನ ಇಂಗ್ಲಿಷ್ ಓದಿ ಎಷ್ಟು ಜನ ನಕ್ಕರೋ. ಈಗ ಎಲ್ಲ ಫೋನಿನಲ್ಲಿ. ಒಳಗೆ ಬಂದ ಕೂಡಲೇ ಒಂದು ಸಲ ಒತ್ತಬೇಕು, ಹೊರಡುವಾಗ ಒಂದು ಸಲ. ಸ್ನಾನ, ಊಟ, ಮಾತ್ರೆ, ಎಲ್ಲಕ್ಕೂ ಗುರುತು ಹಾಕಲು ಜಾಗವಿದೆ. ಸುಮ್ಮನೆ ಕೂತು ಮಾತಾಡಿದೆ ಎನ್ನುವುದಕ್ಕೆ ಜಾಗವಿಲ್ಲ. ಆದರೆ ಹೊಸದೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ಮಲಗಿದವರನ್ನು ಎತ್ತುವ ಯಂತ್ರ ಬಂದ ದಿನ ನನ್ನ ಸೊಂಟ ಅದಕ್ಕೆ ಕೈಮುಗಿಯಿತು.

ಈಗ ರೋಸಾ ಅವರ ವಿಷಯ. ನಿಜ ಹೇಳಬೇಕೆಂದರೆ ಇದನ್ನು ಬರೆಯಬೇಕೆಂದೇ ಹಾಳೆ ತೆಗೆದುಕೊಂಡೆ.

ರೋಸಾ ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಚಿಕ್ಕ ಸಂತೆಯ ಊರಿನವರು. ಹುಡುಗಿಯಾಗಿದ್ದಾಗ ಹೋಟೆಲು ಕೆಲಸಕ್ಕೆಂದು ಕಾರ್ಕ್‌ಗೆ ಬಂದು, ಟಾಮ್ ಎಂಬ ಇಲ್ಲಿಯವರನ್ನೇ ಮದುವೆಯಾಗಿ, ಏರಿನ ಮೇಲಿನ ಒಂದು ಸಾಲುಮನೆಯಲ್ಲಿ ಉಳಿದುಬಿಟ್ಟಿದ್ದರು. ಮಕ್ಕಳಿರಲಿಲ್ಲ. ನಾನು ಹೋಗುವ ಹಿಂದಿನ ವರ್ಷ ಬೇಸಿಗೆಯಲ್ಲಿ ಟಾಮ್ ತೀರಿಕೊಂಡಿದ್ದರು. ಆಮೇಲೆ ರೋಸಾ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು. ಮಂಚವನ್ನು ಕೆಳಗಿನ ಮುಂದಿನ ಕೋಣೆಗೆ ತಂದಿಟ್ಟಿದ್ದರು. ಆ ಹಳೆಯ ಮನೆಯಲ್ಲಿ ಬಚ್ಚಲು, ಪಾಯಿಖಾನೆ ಎರಡೂ ಮಹಡಿಯ ಮೇಲೆ. ಮಾರ್ಗರೆಟ್ ಮೊದಲ ದಿನವೇ ನನಗೆ ಹೇಳಿದಳು: ಬೇಸಿಗೆ ಮುಗಿಯುವಾಗ ಥೆರಪಿಸ್ಟ್ ಬಂದು ನೋಡುತ್ತಾಳೆ, ರೋಸಾ ಒಬ್ಬರೇ ಮೆಟ್ಟಿಲು ಹತ್ತಿ ಇಳಿದರೆ ಸರಿ, ಇಲ್ಲದಿದ್ದರೆ ವೃದ್ಧರ ಆಶ್ರಮಕ್ಕೆ ಹೋಗಬೇಕಾಗುತ್ತದೆ.

ರೋಸಾಗೆ ಇದು ಗೊತ್ತಿತ್ತು. ಆದರೂ ಏಳುತ್ತಿರಲಿಲ್ಲ. ವಾಕರ್ ಹಿಡಿದು ಮಂಚದಿಂದ ಬಾಗಿಲವರೆಗೆ, ಬಾಗಿಲಿಂದ ಮಂಚದವರೆಗೆ ನಡೆಯಿರಿ ಎಂದರೆ, "ನಾನೇನು ಕಟ್ಟಿಹಾಕಿದ ಕತ್ತೆಯಾ, ಯಯಾ?" ಎನ್ನುತ್ತಿದ್ದರು. ಅವರ ಭಾಷೆಯವರು ನನ್ನ ಹೆಸರನ್ನು ಹಾಗೆ ಹೇಳುತ್ತಾರೆ. ಅವರ ಇಂಗ್ಲಿಷ್ ಒಂದು ಕಾಲು ಕುಂಟುತ್ತಿತ್ತು, ನನ್ನದು ಇನ್ನೊಂದು ಕಾಲು. ಇಬ್ಬರೂ ಸೇರಿ ಹೇಗೋ ನಡೆಯುತ್ತಿದ್ದೆವು.

ಒಂದು ಬೆಳಿಗ್ಗೆ ಅವರನ್ನು ಗಾಲಿಕುರ್ಚಿಯಲ್ಲಿ ಅಡುಗೆಮನೆಗೆ ತಳ್ಳಿಕೊಂಡು ಬಂದು, ಸೂಪಿಗೆ ಈರುಳ್ಳಿ ಹೆಚ್ಚುತ್ತಾ, ಏನಾದರೂ ಮಾತಾಡಬೇಕಲ್ಲ ಎಂದು, ನಮ್ಮೂರಲ್ಲಿ ಭಾನುವಾರ ಸಂತೆ, ಈ ಹೊತ್ತಿಗೆ ಈರುಳ್ಳಿ ಗಾಡಿಗಳು ಬಂದಿರುತ್ತವೆ ಎಂದೆ. ರೋಸಾ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನಮ್ಮದು ಗುರುವಾರ" ಎಂದರು.

"ಬಯಲಿನಲ್ಲಿ ನಡೆಯುತ್ತಾ?"

"ಬಯಲೆಲ್ಲಿ? ಬೆಟ್ಟ, ನದಿ, ಮತ್ತೆ ಬೆಟ್ಟ. ನಡುವೆ ಒಂದು ಬೀದಿ ಜಾಗ. ಸಂತೆ ಉದ್ದ, ಅಗಲ ಇಲ್ಲ."

ಸಂತೆ ಉದ್ದ, ಅಗಲ ಇಲ್ಲ ಎಂದರೆ ಹೇಗೆ ಎಂದು ನನಗೆ ಹೊಳೆಯಲಿಲ್ಲ. ನನಗೆ ಆಲ್ಪ್ಸ್ ಎಂದರೆ ಶಾಲೆಯ ನಕಾಶೆಯ ಮೇಲೆ ಒಂದು ಕಂದು ಕಂಬಳಿಹುಳು, ಅಷ್ಟೇ. ರೋಸಾಗೆ ಸಿಟ್ಟು ಬಂತು. "ಈ ಅಡುಗೆಮನೆ ಸಂತೆ ಅಂತ ತಿಳ್ಕೋ" ಎಂದು ಕೈ ಎತ್ತಿ ತೋರಿಸಲು ಹೋದರು. ಗೋಡೆ ಅಡ್ಡ ಬಂತು. "ಇಲ್ಲಿಂದ ಕಾಣಲ್ಲ" ಎಂದು ವಾಕರ್ ಎಳೆದುಕೊಂಡು ಎದ್ದು, ಹಜಾರದವರೆಗೆ ತಾವೇ ನಡೆದು ಹೋಗಿ ತೋರಿಸಿದರು. ಆಮೇಲೆ ಮಾರ್ಗರೆಟ್ ಇದು ಜಯಾಳ ಉಪಾಯ ಎಂದು ಆಫೀಸಿನಲ್ಲೆಲ್ಲ ಹೇಳಿದಳು. ನನ್ನದಲ್ಲ. ನನಗೆ ಅರ್ಥವಾಗಲಿಲ್ಲವೆಂದು ಅವರಿಗೆ ಬಂದ ಸಿಟ್ಟಿನದು.

ಹಾಗೆ ಆ ಮನೆಯೊಳಗೆ ಅವರ ಊರು ಎದ್ದಿತು. ಅಡುಗೆಮನೆ ಸಂತೆ. ಹೊರಗಡೆ ಚರಂಡಿಯಲ್ಲಿ ಹರಿಯುವ ಮಳೆನೀರೇ ನದಿ. ಅವರ ನದಿ ಹಿಮ ಕರಗಿ ಬರುವುದರಿಂದ ಹಾಲಿಗೆ ಹಸಿರು ಕಲಸಿದ ಬಣ್ಣವಂತೆ. ಹಜಾರವೇ ಊರಿನ ಒಂದೇ ಒಂದು ದೊಡ್ಡ ಬೀದಿ, ಎರಡೂ ಕಡೆ ಕಮಾನಿನ ಚಾವಡಿ, ಹಿಮ ಬಿದ್ದರೂ ವ್ಯಾಪಾರ ನಿಲ್ಲಬಾರದೆಂದು ಕಟ್ಟಿದ್ದು. ಕಿಟಕಿಯಿರುವ ಗೋಡೆ ಬಿಸಿಲ ದಂಡೆ. ಕೋಟು ನೇತುಹಾಕಿದ ಕತ್ತಲ ಗೋಡೆ ನೆರಳ ದಂಡೆ. ಚಳಿಗಾಲದಲ್ಲಿ ನೆರಳ ದಂಡೆಯ ಮನೆಗಳಿಗೆ ಸೂರ್ಯ ಬೆಟ್ಟ ದಾಟಿ ಬರುವುದೇ ಇಲ್ಲವಂತೆ. ರೋಸಾ ಆ ಕಡೆಯವರು. ಬಿಸಿಲ ದಂಡೆಯ ಮಕ್ಕಳು ಸೇತುವೆಯ ಮೇಲೆ ನಿಂತು, "ಏ ಬೂಷ್ಟು ಹಿಡಿದವರೇ!" ಎಂದು ಕೂಗುತ್ತಿದ್ದರಂತೆ. "ನೀವೇನು ಅಂತಿದ್ರಿ?" ಎಂದೆ. "ಏನೂ ಅಂತಿರ್ಲಿಲ್ಲ. ಹಿಮದ ಉಂಡೆಯೊಳಗೆ ಕಲ್ಲು ಇಟ್ಟು ಹೊಡೀತಿದ್ದೆ" ಎಂದರು.

ಮೆಟ್ಟಿಲು ಎಂದರೆ ಬೆಟ್ಟ ಹತ್ತಿ ದಾಟುವ ದಾರಿ. ಹಿಂದೆ ಆ ಕಡೆಯಿಂದ ಉಪ್ಪು, ಈ ಕಡೆಯಿಂದ ದ್ರಾಕ್ಷಾರಸ ಹೇಸರಗತ್ತೆಗಳ ಮೇಲೆ ಬರುತ್ತಿತ್ತು. ಆ ಊರು ಹುಟ್ಟಿದ್ದೇ ಆ ಕತ್ತೆಗಳು ಇಳಿದು ಸುಸ್ತಾರಿಸಿಕೊಳ್ಳುವ ಜಾಗದಲ್ಲಿ. ಗೋಡೆಗಳಲ್ಲಿ ಅವನ್ನು ಕಟ್ಟುವ ಕಬ್ಬಿಣದ ಬಳೆಗಳು ಇನ್ನೂ ಇದ್ದವಂತೆ, ರೋಸಾ ಚಿಕ್ಕವರಿದ್ದಾಗ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಒಂದು ಸಲ ಬೆಂಕಿ ಬಿದ್ದು ಊರೆಲ್ಲ ಸುಟ್ಟು, ಆಮೇಲೆ ಮರದ ಸೂರು ಬಿಟ್ಟು ಕಲ್ಲು ಹೊದಿಸಿದರು. ಮುಂದೆ ರೈಲು ಬೇರೆ ಕಣಿವೆಯಲ್ಲಿ ಹೋಯಿತು, ಉಪ್ಪಿನ ವ್ಯಾಪಾರ ನಿಂತಿತು, ದನದ ಸಂತೆ ಮಾತ್ರ ಉಳಿಯಿತು. "ರೈಲು ಬರಲಿಲ್ಲ ಅಂತ ನಮ್ಮಜ್ಜ ಸಾಯೋವರೆಗೂ ಬೈತಿದ್ರು. ಅವರು ಹುಟ್ಟೋಕೆ ಮೊದಲೇ ರೈಲು ಅತ್ಲಾಗೆ ಹೋಗಿತ್ತು" ಎಂದು ನಕ್ಕರು.

ಮೆಟ್ಟಿಲು ತಿರುಗುವ ಕಡೆ ಒಂದು ಚಪ್ಪಟೆ ಜಾಗವಿತ್ತು. ಅದು ಸುಂಕದ ಕಟ್ಟೆ. ಅಲ್ಲಿ ಪ್ರತಿಯೊಬ್ಬನೂ ನಿಂತು, ತಾನು ಏನು ಹೊತ್ತಿದ್ದೇನೆಂದು ಕೂಗಿ ಹೇಳಿಯೇ ಮುಂದೆ ಹೋಗಬೇಕು. ರೋಸಾ ಮೊದಲ ಸಲ ಅಲ್ಲಿಯವರೆಗೆ ಹತ್ತಿದ ದಿನ ಮುಖ ಬಿಳಿಚಿಕೊಂಡಿತ್ತು. ಅವರಿಗೆ ಉಸಿರು ಬರಲಿ ಎಂದು ನಾನು, "ಏನು ಹೊತ್ತಿದ್ದೀರಿ?" ಎಂದು ಕೇಳಿದೆ. "ಉಪ್ಪು" ಎಂದರು. ಮರುದಿನವೂ "ಉಪ್ಪು". ಒಂದು ದಿನ "ಏನೂ ಇಲ್ಲ, ಖಾಲಿ ಕತ್ತೆ" ಎಂದು ಅಲ್ಲಿಂದಲೇ ಇಳಿದರು. ಹೀಗೆ ಏರುತ್ತಾ ಇಳಿಯುತ್ತಾ, ಬೇಸಿಗೆ ಮುಗಿಯುವ ಹೊತ್ತಿಗೆ ವಾಕರ್ ಬಿಟ್ಟು ಕೋಲೂರಿ ತುದಿಯವರೆಗೂ ಹೋಗಿ ಬರುವಂತಾದರು. ನಾನು ಹಿಂದೆ ಕೈ ಚಾಚಿಕೊಂಡು ಬರುವುದು ಮಾತ್ರ ಬಿಟ್ಟಿರಲಿಲ್ಲ.

ಥೆರಪಿಸ್ಟ್ ಬಂದಳು. ಕೀರಾ ಎಂದು ಹೆಸರು, ಚಿಕ್ಕ ವಯಸ್ಸು, ನಗುಮುಖ. ಮಾರ್ಗರೆಟ್ ಕೂಡ ಬಂದಿದ್ದಳು. "ಜಯಾ, ನೀವು ಅಡುಗೆಮನೆಯಲ್ಲೇ ಇರಿ. ನೀವಿಲ್ಲದಾಗ ಅವರು ಏನು ಮಾಡ್ತಾರೆ ಅಂತ ನಾನು ನೋಡ್ಬೇಕು" ಎಂದಳು ಕೀರಾ. ನ್ಯಾಯವಾದ ಮಾತು. ನಾನು ಸಿಂಕಿಗೆ ಬೆನ್ನು ಕೊಟ್ಟು ನಿಂತೆ, ಮಾರ್ಗರೆಟ್ ನನ್ನ ಜೊತೆ ಉಳಿದಳು.

ಕೋಲಿನ ಸದ್ದು ಹಜಾರ ದಾಟಿತು. ಮೆಟ್ಟಿಲು ಕಿರುಗುಟ್ಟಿತು. ಸದ್ದು ಸುಂಕದ ಕಟ್ಟೆಯಲ್ಲಿ ನಿಂತಿತು. ಎಲ್ಲಾ ಸರಿಯಾಗಿಯೇ ಇತ್ತು. ಆಗ ಕೀರಾ, ಅವಳ ಪರೀಕ್ಷೆಯ ಪ್ರಶ್ನೆಯೇ ಇರಬೇಕು, ಮೆತ್ತಗೆ ಕೇಳಿದಳು: "ರೋಸಾ, ಈಗ ನೀವು ಎಲ್ಲಿದ್ದೀರಿ ಅಂತ ಗೊತ್ತಾ?"

"ಸುಂಕದ ಕಟ್ಟೆಯಲ್ಲಿ" ಎಂದರು ರೋಸಾ, ಗಟ್ಟಿಯಾಗಿ. "ಉಪ್ಪು ತಂದಿದ್ದೀನಿ."

ಮಾರ್ಗರೆಟ್ ನನ್ನ ಕಡೆ ನೋಡಿದಳು. ನಾನು ಅಷ್ಟು ದಿನ ಕಾಲು ಗಟ್ಟಿಯಾಗಲೆಂದು ಆಡಿದ ಆಟ, ಈಗ ತಲೆ ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ರೋಸಾ ತುದಿಗೆ ಹೋದರು, ಮಲಗುವ ಕೋಣೆಯಲ್ಲಿ ಏನೋ ತಡಕಾಡಿದರು, ಆಮೇಲೆ ಇಳಿದರು. ಇಳಿಯುವುದೇ ಕಷ್ಟ, ಅದನ್ನೂ ತಪ್ಪಿಲ್ಲದೆ ಇಳಿದರು. ಆದರೆ ಅಡುಗೆಮನೆಗೆ ಬಂದಾಗ ತಲೆಯ ಮೇಲೆ ಒಂದು ಹುಲ್ಲಿನ ಟೊಪ್ಪಿ, ಸುತ್ತಲೂ ರೇಷ್ಮೆಯ ಕೆಂಪು ಹಳದಿ ಹೂಗಳು. ಹೊರಗೆ ಜಡಿಮಳೆ, ಒಳಗೆ ರಾತ್ರಿ ಉಡುಪು, ಮೇಲೆ ಹೂವಿನ ಟೊಪ್ಪಿ. ಕೀರಾ ಬರೆಯುತ್ತಲೇ ಇದ್ದಳು.

"ಕಾಲು ತುಂಬಾ ಚೆನ್ನಾಗಿದೆ" ಎಂದಳು ಮಾರ್ಗರೆಟ್ ಕಡೆ ತಿರುಗಿ, ತಗ್ಗಿದ ದನಿಯಲ್ಲಿ. "ಆದ್ರೆ ಗೊಂದಲ ಇದೆ. ಒಬ್ಬರೇ ಇರೋದು ನನಗೆ ಭಯ ಆಗ್ತಿದೆ."

ಮಕ್ಕಳೇ, ನಾನು ಮೀಟಿಂಗಿನಲ್ಲಿ ಬಾಯಿ ತೆರೆದವಳಲ್ಲ. ಸಂಬಳದ ವಿಷಯಕ್ಕೂ ಬೇರೆಯವರ ಹಿಂದೆ ನಿಂತು ತಲೆಯಾಡಿಸಿದವಳು. ಆದರೆ ಅಲ್ಲಿ ನಾನು ಸುಮ್ಮನಿದ್ದರೆ ರೋಸಾ ಆ ಮನೆ ಬಿಡಬೇಕಿತ್ತು. "ನಾನು ಕೇಳ್ತೀನಿ" ಎಂದೆ. ಮೂವರೂ ತಿರುಗಿದರು. "ಅಲ್ಲಿ ನಿಂತಾಗ ಏನು ಹೊತ್ತಿದ್ದೀರಿ ಅಂತ ದಿನಾ ನಾನೇ ಕೇಳ್ತೀನಿ. ಆಟ ಅದು. ಉಸಿರು ತಗೊಳ್ಳೋಕೆ. ಈ ಅಡುಗೆಮನೆ ಸಂತೆ. ಅದು ಬೀದಿ." ಇಂಗ್ಲಿಷ್ ಎಲ್ಲೆಲ್ಲೋ ಮುರಿಯಿತು. ಕಣ್ಣಲ್ಲಿ ನೀರು ಬಂತು, ಅದು ಇನ್ನೂ ಅವಮಾನ.

ಕೀರಾ ನನ್ನನ್ನು ಗದರಲಿಲ್ಲ. "ಆಟ ಅಂತ ನಿಮಗೆ ಗೊತ್ತು, ಜಯಾ. ಅವ್ರಿಗೆ ಗೊತ್ತಾ?" ಎಂದು ಕೇಳಿದಳು.

ಬೇರೆಯವರ ತಲೆಯೊಳಗಿನದನ್ನು ನಾನು ಹೇಗೆ ಹೇಳಲಿ?

"ಅವ್ರು ಇಲ್ಲೇ ಕೂತಿದ್ದಾರೆ" ಎಂದರು ರೋಸಾ. "ಅವ್ರನ್ನೇ ಕೇಳು."

ಕೀರಾಳ ಕಿವಿ ಕೆಂಪಾಯಿತು. ಅವಳು ಕುರ್ಚಿ ಎಳೆದುಕೊಂಡು ರೋಸಾ ಎದುರಿಗೆ ಕೂತಳು. "ರೋಸಾ, ಇದು ಯಾವ ಜಾಗ?"

"ಕಾರ್ಕ್. ನನ್ನ ಅಡುಗೆಮನೆ. ಎಡಗಡೆ ಒಲೆ ಹತ್ತಲ್ಲ, ಟಾಮ್ ರಿಪೇರಿ ಮಾಡ್ತೀನಿ ಅಂತ ಹೇಳಿ ಹೇಳಿ ಸತ್ತ. ನಮ್ಮೂರಲ್ಲಿ ಇದ್ದಿದ್ರೆ ಹೀಗೆ ಮಳೆ ಸುರಿಯುತ್ತಾ ಹುಡುಗಿ? ಈ ಮಳೆ ನೋಡಿಯೂ ನಾನು ಎಲ್ಲಿದ್ದೀನಿ ಅಂತ ಗೊತ್ತಾಗ್ದೆ ಇರೋಕೆ ಸಾಧ್ಯಾನಾ?"

ಮಾರ್ಗರೆಟ್ ಕೆಮ್ಮುವ ಹಾಗೆ ಮಾಡಿ ನಕ್ಕಳು. "ಮತ್ತೆ ಟೊಪ್ಪಿ?" ಎಂದಳು ಕೀರಾ.

ರೋಸಾ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೇಸಿಗೆಯೆಲ್ಲ ದನಗಳು ಮೇಲಿನ ಹುಲ್ಲುಗಾವಲಿನಲ್ಲಿರುತ್ತವೆ, ಚಳಿ ಬರುವ ಮುಂಚೆ ಕೆಳಗೆ ಊರಿಗೆ ಹೊಡೆದುಕೊಂಡು ಬರುತ್ತಾರೆ, ಊರೆಲ್ಲ ಬೀದಿಯಲ್ಲಿ ನಿಂತು ನೋಡುತ್ತದೆ ಎಂದರು. ಆ ಬೇಸಿಗೆಯಲ್ಲಿ ಮನೆಯವರಾಗಲಿ ದನವಾಗಲಿ ಯಾರೂ ಸಾಯದಿದ್ದರೆ ಕೊಂಬಿಗೆ, ತಲೆಗೆ ಹೂ ಕಟ್ಟುತ್ತಾರೆ. ಯಾರಾದರೂ ಹೋಗಿದ್ದರೆ ದನಗಳು ಬರಿತಲೆಯಲ್ಲಿ ಇಳಿಯುತ್ತವೆ. "ಹೋದ ವರ್ಷ ಬರಿತಲೆ" ಎಂದರು. "ಈ ಬೇಸಿಗೆ ಈ ಮನೆಯಲ್ಲಿ ಯಾರೂ ಸತ್ತಿಲ್ಲ. ನಾನೂ ಸತ್ತಿಲ್ಲ. ಅದಕ್ಕೇ ಹೂ."

ಸಂಕ್ರಾಂತಿಗೆ ನಾವೂ ಎತ್ತಿನ ಕೊಂಬಿಗೆ ಹೂ ಕಟ್ಟುತ್ತೇವೆ ಎಂದು ನನಗೆ ಹೇಳಬೇಕೆನಿಸಿತು. ಆ ದಿನದ ಮಾತು ನನ್ನಲ್ಲಿ ಅಷ್ಟಕ್ಕೇ ಮುಗಿದಿತ್ತು.

ಕೀರಾ ಬರೆದದ್ದರಲ್ಲಿ ಒಂದು ಸಾಲು ಹೊಡೆದುಹಾಕಿದಳು. ಆಮೇಲೆ ತೀರ್ಮಾನ ಹೇಳಿದಳು: ಮೆಟ್ಟಿಲಿನ ಇನ್ನೊಂದು ಕಡೆಗೂ ಹಿಡಿದುಕೊಳ್ಳುವ ಕಂಬಿ ಹಾಕಿಸಬೇಕು, ಬಿದ್ದರೆ ಒತ್ತಲು ಕುತ್ತಿಗೆಯಲ್ಲಿ ಕರೆಗಂಟೆ ಇರಬೇಕು, ಅಷ್ಟಾದರೆ ರೋಸಾ ಇಲ್ಲೇ ಇರಬಹುದು. ನನ್ನ ಕಡೆ ತಿರುಗಿ, "ಇದನ್ನ ನೀವು ಯಾರಿಗೂ ಹೇಳದೆ ಇಟ್ಕೊಂಡಿದ್ರಿ. ನಾಳೆ ಇನ್ನೊಬ್ಬರು ಬಂದ್ರೆ ನನ್ನ ಥರಾನೇ ಹೆದರ್ತಾರೆ" ಎಂದಳು. ಅವಳು ಹೇಳಿದ್ದು ಸರಿ. ಅನ್ವಿತಾ, ನೀನು ಕಂಡುಕೊಂಡದ್ದನ್ನು ನಿನ್ನಲ್ಲೇ ಇಟ್ಟುಕೊಳ್ಳಬೇಡ. ಮುಂದಿನ ವಾರ ರೋಸಾ ಅವರ ಆರೈಕೆಯ ಹಾಳೆಯಲ್ಲಿ, ಮಾತ್ರೆಗಳ ಕೆಳಗೆ, ಕೀರಾ ಹೀಗೆ ಸೇರಿಸಿದ್ದಳು: ಮೆಟ್ಟಿಲಿನ ತಿರುವಿನಲ್ಲಿ ನಿಲ್ಲಿಸಿ, ಏನು ಹೊತ್ತಿದ್ದಾರೆಂದು ಕೇಳಿ. ಶನಿವಾರ ಬರುತ್ತಿದ್ದ ಬ್ರೆಜಿಲ್ ದೇಶದ ಹುಡುಗಿ ನನಗೆ ಫೋನು ಮಾಡಿ, "ಜಯಾ, ಇವತ್ತು ಅವ್ರು ಗಾಲಿಯಷ್ಟು ದೊಡ್ಡ ಚೀಸ್ ಹೊತ್ತಿದ್ದೀನಿ ಅಂದ್ರು. ನಾನೇನು ಮಾಡ್ಲಿ?" ಎಂದು ಕೇಳಿದಳು. "ಸ್ವಲ್ಪ ರುಚಿ ಕೇಳು, ಆಮೇಲೆ ಮುಂದಕ್ಕೆ ಬಿಡು" ಎಂದೆ.

ಆದರೆ ಆ ಪರೀಕ್ಷೆಯ ದಿನಕ್ಕೆ ಬರುತ್ತೇನೆ. ಕೀರಾ, ಮಾರ್ಗರೆಟ್ ಹೋದರು. ನಾನು ಪಾತ್ರೆ ತೊಳೆದು ಕೋಟು ಹಾಕಿಕೊಂಡೆ. ಅಲ್ಲಿಯವರೆಗೆ ದಿನವೂ ರೋಸಾ ಮುಂದಿನ ಕೋಣೆಯ ಮಂಚದಲ್ಲಿರುತ್ತಿದ್ದರು, ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಹೊರಗಿನಿಂದ ಬಾಗಿಲು ಹಾಕಿ ಒಬ್ಬರನ್ನು ಒಳಗೆ ಬಿಟ್ಟು ಬರುವುದು ಯಾವತ್ತೂ ಮನಸ್ಸಿಗೆ ಹಿತವಾಗಿರಲಿಲ್ಲ. ಆ ದಿನ ಅವರು ಕೋಲು ಊರಿಕೊಂಡು ನನ್ನ ಜೊತೆ ಬಾಗಿಲವರೆಗೆ ಬಂದರು. ಮಳೆ ನೋಡಿದರು. "ಜಾರುತ್ತೆ, ಹುಷಾರು, ಯಯಾ" ಎಂದರು. ನಾನು ಮೆಟ್ಟಿಲಿಳಿದು ಗೇಟಿನ ಹತ್ತಿರ ತಿರುಗಿ ನೋಡಿದೆ. ಮನೆಗೆ ಬಂದು ಹೊರಟ ನೆಂಟರನ್ನು ಬೀಳ್ಕೊಡುವ ಹಾಗೆ ಅವರು ಹೊಸ್ತಿಲಲ್ಲಿ ನಿಂತಿದ್ದರು. "ಹೋಗು, ಚಳಿ ಒಳಗೆ ಬರ್ತಿದೆ" ಎಂದು ಬೈದು, ತಮ್ಮ ಮನೆಯ ಬಾಗಿಲನ್ನು ತಾವೇ ಹಾಕಿಕೊಂಡರು.

ಅವರು ಕೊನೆಯವರೆಗೂ ಅಲ್ಲೇ ಇದ್ದರು, ಮಹಡಿಯ ಮೇಲಿನ ತಮ್ಮ ಕೋಣೆಯಲ್ಲಿ ಮಲಗಿದರು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಗೋಡೆ ಒಡೆದು ಹಜಾರವನ್ನು ಕೋಣೆಗೆ ಸೇರಿಸಿದ್ದಾರೆ ಎಂದು ಮಾರ್ಗರೆಟ್ ಹೇಳಿದಳು. ಬೆಟ್ಟದ ನಡುವಿನ ಆ ಊರನ್ನು ನಾನು ನೋಡಿಲ್ಲ. ಮನೆಯೊಳಗಿದ್ದ ಊರನ್ನು ನೋಡಿದವರಲ್ಲಿ ಬರೆದಿಟ್ಟವಳು ನಾನೊಬ್ಬಳೇ. ಅದಕ್ಕೇ ಈ ಹಾಳೆಗಳನ್ನು ಅಡುಗೆಮನೆಯ ಡ್ರಾಯರಿಗೆ ತುರುಕಬೇಡಿ, ಅಲ್ಲಿ ಪಿಜ್ಜಾ ಅಂಗಡಿಯ ಕಾಗದಗಳ ಜೊತೆ ಹೋಗಿಬಿಡುತ್ತವೆ. ನಿಮ್ಮಪ್ಪ ಪಾಸ್‌ಪೋರ್ಟ್ ಇಡುವ ಡಬ್ಬದಲ್ಲಿ, ಮಡಿಸದೆ, ಒದ್ದೆ ಕೈ ತಾಗಿಸದೆ ಇಡಿ.

ನಿಮ್ಮ ಅಜ್ಜಿ,
ಜಯಮ್ಮ